ಕಟ್ಟಿಸಿದ ನಳಗಿ

ಕೊರ್ಲಹಳ್ಳಿಯ ತಿರಕಪ್ಪ ಕುಳಿತಲ್ಲಿ ಕುಳಿತವನಲ್ಲ, ನಿಂತಲ್ಲಿ ನಿಂತವನಲ್ಲ. ಉಣ್ಣಲು ಕುಳಿತರೆ ಅರ್ಧ ರೊಟ್ಟಿ ಕೈಯಲ್ಲಿ ಹಿಡಿದೇ ಎದ್ದು, ಹಿತ್ತಲ ಬಾಗಿಲಿಗೆ ಹೋಗಿ ಹೊಳೆ ನೋಡಿ ಬರಬೇಕು. ಉಪ್ಪು ತರಲು ಮುಂಡರಗಿ ಸಂತೆಗೆ ಹೋದರೆ ಸಂತೆಯೆಲ್ಲ ತಿರುಗಿ, ಇಬ್ಬರ ಹತ್ತಿರ ಜಗಳ ತೆಗೆದು, ಉಪ್ಪೊಂದನ್ನು ಮರೆತು ಬರುವ ಆಸಾಮಿ. ಸಿಟ್ಟಂತೂ ಮೂಗಿನ ತುದಿಯಲ್ಲೇ. ಇಂಥವನ ಕೈಗೆ ಬಂದೂಕು ಕೊಟ್ಟವರು ಯಾರಪ್ಪಾ ಎಂದು ನೀವು ಕೇಳಬಹುದು. ಅಜ್ಜನಿಂದ ಅಪ್ಪನಿಗೆ ಬಂತು, ಅಪ್ಪನಿಂದ ಇವನಿಗೆ ಬಂತು. ಮನೆಗೆ ಗಂಡುಮಗ ಇವನೊಬ್ಬನೇ, ಇನ್ನಾರಿಗೆ ಕೊಡಬೇಕಿತ್ತು?

ಅವನನ್ನು ಸಾಕಿದವಳು ಅಕ್ಕ ಕರಿಯವ್ವ. ತಾಯಿ ತೀರಿಕೊಂಡಾಗ ತಿರಕಪ್ಪ ಇನ್ನೂ ಅಂಬೆಗಾಲಿಡುವ ಕೂಸು. ಆಕೆಯೂ ಹುಡುಗಿಯೇ. ಆದರೂ ಅವನನ್ನು ಸೊಂಟದಿಂದ ಇಳಿಸದೆ ಹೊತ್ತು ತಿರುಗಿದಳು. ಮುಂದೆ ಹೊಳೆಯ ಆಚೆ ದಂಡೆಯ ಮೂಕಪ್ಪನ ಜೊತೆ ಆಕೆಯ ಮದುವೆ ನಿಶ್ಚಯವಾದಾಗ ಒಂದೇ ಮಾತು ಕೇಳಿದ್ದಳಂತೆ: "ನನಗ ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ. ತಮ್ಮನ ಮಾರಿ ನೋಡಬೇಕಂದಾಗ ಹೊಳಿ ದಾಟಿಸಬೇಕು." ಮೂಕಪ್ಪ ಹರಗೋಲು ಹಾಕುವವನು. ತೊಗಲು ಹೊದಿಸಿದ ಆ ದುಂಡನೆಯ ಬುಟ್ಟಿಯಲ್ಲಿ ಜನರನ್ನು ತುಂಗಭದ್ರೆ ದಾಟಿಸುವುದೇ ಅವನ ಹೊಟ್ಟೆಪಾಡು. "ಅಷ್ಟ ಏನು? ಆತು ಬಿಡು" ಎಂದಿದ್ದ. ಕೊಟ್ಟ ಮಾತನ್ನು ಆ ಮನುಷ್ಯ ಇಷ್ಟು ವರ್ಷ ನಡೆಸಿಕೊಂಡೂ ಬಂದಿದ್ದ. ಈಚೆ ದಂಡೆ ಮುಂಬೈ ಸರ್ಕಾರದ್ದು. ಆಚೆ ದಂಡೆ ಮೊದಲು ಮದ್ರಾಸಿನದಿತ್ತು, ಸ್ವಾತಂತ್ರ್ಯ ಬಂದ ಮೇಲೆ ಮೈಸೂರಿಗೆ ಸೇರಿತ್ತು. ಕರಿಯವ್ವನಿಗೆ ಮಾತ್ರ ಎರಡೂ ದಂಡೆ ಒಂದೇ ಓಣಿಯ ಎರಡು ಮಗ್ಗುಲು. ಮಜ್ಜಿಗೆ ಹೆಚ್ಚಾಯಿತೆಂದರೂ ಗಡಿಗೆ ಹಿಡಿದು ತಮ್ಮನ ಮನೆಗೆ ಬಂದುಬಿಡುತ್ತಿದ್ದಳು.

ಇನ್ನು ಬಂದೂಕಿನ ಮಾತು. ಅದು ಬಾಯಿಯಿಂದ ಮದ್ದು ತುಂಬುವ ಹಳೆಯ ಕಾಲದ್ದು. ಶಿರಹಟ್ಟಿ ಕಡೆಯ ದೇಸಾಯರೊಬ್ಬರು ಅಜ್ಜನಿಗೆ ಮೆಚ್ಚಿ ಕೊಟ್ಟದ್ದು. ನಳಗಿಯ, ಅಂದರೆ ಗುಂಡು ಹಾರುವ ಕಬ್ಬಿಣದ ಕೊಳವೆಯ ಬಾಯಿಗೆ ಮದ್ದು ಸುರಿದು, ಸೀಸದ ಗುಂಡನ್ನು ತೆಳ್ಳನೆಯ ಹೊದಿಕೆಯಲ್ಲಿ ಸುತ್ತಿಟ್ಟು, ಗಜ ಎನ್ನುವ ಉದ್ದ ಕೋಲಿನಿಂದ ತಳಕ್ಕೆ ಒತ್ತಬೇಕು. ಹಿಂದುಗಡೆ ಸಿಡಿಮದ್ದಿನ ಪುಟ್ಟ ತಾಮ್ರದ ಟೋಪಿ ಇಟ್ಟು, ಅದನ್ನು ಬಡಿಯುವ ಕುದುರೆ ಬಿಟ್ಟರೆ ಕಿಡಿ ಹತ್ತಿ ಗುಂಡು ಹಾರುತ್ತದೆ. ಸುತ್ತಲಿನ ಊರುಗಳಲ್ಲಿದ್ದ ಬಂದೂಕುಗಳ ನಳಗಿಯ ಒಳಮೈ ನುಣುಪು. ಇದರೊಳಗೆ ಮಾತ್ರ ಬಳ್ಳಿ ಸುತ್ತಿದ ಹಾಗೆ ಹೊರಳಿಕೊಂಡು ಹೋಗುವ ಗೆರೆಗಳು. ಹೊದಿಕೆ ಆ ಗೆರೆಗಳನ್ನು ಕಚ್ಚಿ ಹಿಡಿದರೆ ಗುಂಡು ಬುಗುರಿಯ ಹಾಗೆ ತಿರುಗುತ್ತ ನೆಟ್ಟಗೆ ಹೋಗುತ್ತದೆ. ಹಿಡಿಯದಿದ್ದರೆ ಕುಡಿದವನ ಹಾಗೆ ಎತ್ತ ಬೇಕಾದರೂ ಹೋದೀತು. ಅಪ್ಪ ಇದೇ ಬಂದೂಕಿನಿಂದ ಕಪ್ಪತಗುಡ್ಡದ ಹಂದಿಗಳನ್ನು ಓಡುತ್ತಿರುವಾಗಲೇ ಕೆಡವಿದ್ದನ್ನು ಊರು ಇನ್ನೂ ಮರೆತಿರಲಿಲ್ಲ.

ಆ ಮನೆಯಲ್ಲಿ ಬಂದೂಕೆಂದರೆ ದೇವಿ. ಮಹಾನವಮಿಗೆ ಆಯುಧಗಳಿಗೆ ಮಾಡುವ ಖಂಡೇಪೂಜೆಯಲ್ಲಿ ಮೊದಲ ಕುಂಕುಮ ಅದಕ್ಕೇ. ಹೆಂಗಸರು ಅದನ್ನು ಮುಟ್ಟಬಾರದು, ದಾಟಬಾರದು. ಉಟ್ಟುಬಿಟ್ಟ ಬಟ್ಟೆಯನ್ನು ಅದರ ಬಾಯಿಗೆ ಸೋಕಿಸಬಾರದು. ಅಜ್ಜ, ಅಪ್ಪ ಇಬ್ಬರೂ ಗುಂಡಿಗೆ ಸುತ್ತುತ್ತಿದ್ದದ್ದು ಎಣ್ಣೆ ಕುಡಿಸಿ ಹದ ಮಾಡಿದ ಚಿಗರಿಯ, ಅಂದರೆ ಜಿಂಕೆಯ ತೊಗಲು. ಚಿಗರಿಗಳು ಕಡಿಮೆಯಾದವು, ಅಪ್ಪನ ಕಾಲದ ತೊಗಲಿನ ಕಟ್ಟೂ ಮುಗಿಯಿತು. ಆಗ ತಿರಕಪ್ಪ ಬೆಟಗೇರಿಗೆ ಹೋಗಿ, ಮಗ್ಗದಿಂದ ಆಗತಾನೇ ಇಳಿದ ಬಿಳಿ ಬಟ್ಟೆ ತಂದ. ನೀರು ಕಾಣದ, ಯಾರ ಮೈಗೂ ತಾಗದ, ಗಂಜಿಯಿಂದ ಸೆಟೆದು ನಿಂತ ಬಟ್ಟೆ. "ದೇವಿಗೆ ಹೊಸಾ ಅರಿವಿ" ಎಂದು ಅವನಿಗೆ ಹೆಮ್ಮೆಯೋ ಹೆಮ್ಮೆ. ಆ ಮೇಲೆ ಹೊಲಕ್ಕೆ ಬಂದ ಹಂದಿಗಳನ್ನು ಸದ್ದು ಮಾಡಿ ಓಡಿಸಿದನೇ ಹೊರತು ಗುರಿ ಹಿಡಿದು ಹೊಡೆಯುವ ಪ್ರಸಂಗ ಬರಲಿಲ್ಲ. ಹಾಗಾಗಿ ಏನು ಕೆಟ್ಟಿದೆ ಎಂಬುದು ಯಾರಿಗೂ ತಿಳಿಯಲಿಲ್ಲ.

ತಿಳಿದದ್ದು ಮೊಸಳೆ ಬಂದಾಗ. ಹೊಸಪೇಟೆಯ ಹತ್ತಿರ ಅಣೆಕಟ್ಟು ತುಂಬಿದ ಮೇಲೆ ಮೊಸಳೆಗಳು ಮೇಲಕ್ಕೆ ಸರಿದಿವೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆ ವರ್ಷ ಮಳೆಗಾಲದ ಕೆಂಪು ನೀರು ಇಳಿಯುತ್ತಲೇ ಒಂದು ದೊಡ್ಡ ಮೊಸಳೆ ಕೊರ್ಲಹಳ್ಳಿಯ ದಾಟುಹಾದಿಯಲ್ಲೇ ಠಿಕಾಣಿ ಹೂಡಿತು. ನಡುಹೊಳೆಯ ಹಾಸುಬಂಡೆ ಅದರ ಹಾಸಿಗೆಯಾಯಿತು. ಮೊದಲು ಒಂದು ಕರುವನ್ನು ಎಳೆಯಿತು. ಆಮೇಲೆ ಲಕ್ಷ್ಮೇಶ್ವರದಿಂದ ಬಟ್ಟೆ ಗಂಟು ಹೊತ್ತು ಬರುತ್ತಿದ್ದ ಖಾಸಿಂಸಾಬ ಹರಗೋಲಿನಿಂದ ಇಳಿಯುವಾಗ ಅವನ ಕಾಲಿಗೇ ಬಾಯಿ ಹಾಕಿತು. ಮೂಕಪ್ಪ ಹುಟ್ಟಿನಿಂದ ಅದರ ಮೂತಿಗೆ ಬಡಿದು ಬಿಡಿಸಿದ. ಖಾಸಿಂಸಾಬನ ಜೀವ ಉಳಿಯಿತು, ಕಾಲು ಊನವಾಯಿತು. ಅಂದಿನಿಂದ ಹರಗೋಲು ಹತ್ತಲು ಜನ ಹಿಂದೆಮುಂದೆ ನೋಡತೊಡಗಿದರು.

"ನಾಳೆ ಅದರ ತೊಗಲು ಸುಲೀತೀನಿ" ಎಂದು ತಿರಕಪ್ಪ ಕಟ್ಟೆಯ ಮೇಲೆ ನಿಂತು ಸಾರಿದ.

ಮೂಕಪ್ಪ ತಲೆ ಕೆರೆದುಕೊಂಡು, "ಗಂಗವ್ವನ ವಾಹನ ಅದು. ಸ್ವಲ್ಪ ತಡಿಯೋ, ತಾನಽ ಮುಂದಕ ಹೋದೀತು" ಎಂದ. ಹೊಳೆಯನ್ನು ನಂಬಿ ಬದುಕುವ ಮನುಷ್ಯ, ಅಷ್ಟು ಅಂದ. ಅಷ್ಟೇ ಅಂದದ್ದು.

ಮರುದಿನ ಬೆಳಿಗ್ಗೆ ಇಡೀ ಊರು ದಂಡೆಗೆ ಬಂದು ನಿಂತಿತು. ಮೊಸಳೆ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ಅದರ ಬೆನ್ನಿಗೆ ಎಲ್ಲಿ ಹೊಡೆದರೂ ಗುಂಡು ಜಾರುತ್ತದೆ. ಕಣ್ಣಿನ ಹಿಂದೆ ಅಂಗೈಯಷ್ಟು ಜಾಗ ಮಾತ್ರ ಮೆತ್ತಗೆ. ತಿರಕಪ್ಪ ಗುರಿ ಹಿಡಿದ, ಕುದುರೆ ಬಿಟ್ಟ. ಗುಂಡು ಬಂಡೆಯ ಈಚೆಗೇ ನೀರಿಗೆ ಬಿತ್ತು. ಇನ್ನೊಂದು ದಿನ ಬಂಡೆ ದಾಟಿ ಹೋಯಿತು. ಮತ್ತೊಂದು ದಿನ ಎತ್ತ ಹೋಯಿತೋ ಆ ದೇವರಿಗೇ ಗೊತ್ತು. ಮೊಸಳೆ ಅವಸರವಿಲ್ಲದೆ ನೀರಿಗೆ ಜಾರಿ ಹೋಗುವುದು, ಜನ ಕಿಸಕ್ಕೆಂದು ನಗುವುದು. ತಿರಕಪ್ಪನ ಮೈಗೆ ಬೆಂಕಿ ಹತ್ತಿದಂತಾಯಿತು. ಊರ ಹೊರಗಿನ ಪಾಪಾಸುಕಳ್ಳಿಯ ಎಲೆಗೆ ಸುಣ್ಣದ ಬೊಟ್ಟಿಟ್ಟು ಹೊಡೆದು ನೋಡಿದ. ಕೈ ನಡುಗದ ಹಾಗೆ ಕವೆಗೋಲು ನೆಟ್ಟ. ಮದ್ದು ಹೆಚ್ಚು ಮಾಡಿದ, ಕಡಿಮೆ ಮಾಡಿದ. ಹೊಡೆದ ಮೇಲೆ ನಳಗಿ ಒರೆಸುವಷ್ಟು ತಾಳ್ಮೆಯಂತೂ ಅವನಿಗೆಲ್ಲಿಂದ ಬರಬೇಕು? ಒಂದು ಗುಂಡು ಎಡಕ್ಕೆ, ಒಂದು ಬಲಕ್ಕೆ. ಬೊಟ್ಟು ಮಾತ್ರ ಬೆಳ್ಳಗೆ ಹಾಗೇ ಕುಳಿತಿತ್ತು.

ಚಹಾ ಅಂಗಡಿಯ ಅಂದಪ್ಪನಿಗೆ ಬೇರೆ ಕೆಲಸವಿರಲಿಲ್ಲ. ಬಸಿ ತೊಳೆಯುತ್ತ ಒಂದು ಮಾತು ಒಗೆದ: "ಇದು ಗುರಿ ತಪ್ಪಿದ್ದಲ್ಲ ತಿರಕಪ್ಪ. ನಿನ್ನ ನಳಗಿ ಕಟ್ಟಿಸ್ಯಾರ."

ಮಂತ್ರ ಹಾಕಿಸಿ ಬಂದೂಕಿನ ನಳಗಿ ಕಟ್ಟಿಸುವುದುಂಟು, ಹಾಗೆ ಕಟ್ಟಿಸಿದರೆ ಗುಂಡು ಗುರಿ ಮುಟ್ಟುವುದಿಲ್ಲ ಎಂದು ಆ ಕಡೆಯ ಜನ ನಂಬುತ್ತಿದ್ದರು. ತಿರಕಪ್ಪನ ತಲೆಯಲ್ಲಿ ಹುಳ ಹೊಕ್ಕಿತು. ಮೊಸಳೆ ಉಳಿಯಲಿ ಎಂದವನು ಯಾರು? ಗಂಗವ್ವನ ವಾಹನ ಎಂದವನು ಯಾರು? ಆ ರಾತ್ರಿಯಿಂದ ನಿದ್ದೆಯೆಂಬುದು ಹತ್ತಿರ ಸುಳಿಯಲಿಲ್ಲ. ಏಳುವುದು, ಅಂಗಳದಲ್ಲಿ ತಿರುಗುವುದು, ಬಂದೂಕಿಗೆ ನಿಂಬೆಹಣ್ಣು ಇಳಿಸುವುದು, ಮತ್ತೆ ತಿರುಗುವುದು. ಅವನ ಬುದ್ಧಿಗೆ ಏನನ್ನಬೇಕು ಹೇಳಿ! ಮೊಸಳೆಯಿಂದ ಮೊದಲು ಹೊಟ್ಟೆಯ ಮೇಲೆ ಕಲ್ಲು ಬಿದ್ದದ್ದೇ ಮೂಕಪ್ಪನಿಗೆ. ಅವನ ಹರಗೋಲು ದಂಡೆಯಲ್ಲಿ ಬೋರಲು ಬಿದ್ದು ಒಣಗುತ್ತಿತ್ತು. ಇಷ್ಟು ಯೋಚಿಸಲು ಒಂದು ಗಳಿಗೆ ಕುಳಿತರೆ ಸಾಕಿತ್ತು. ಕುಳಿತರೆ ಅವನು ತಿರಕಪ್ಪ ಹೇಗಾದಾನು?

ಒಂದು ಮುಂಜಾನೆ, ಕೊಟ್ಟ ಮಾತು ತಪ್ಪದೆ, ಕರಿಯವ್ವನನ್ನು ದಾಟಿಸಿಕೊಂಡು ಮೂಕಪ್ಪ ಈಚೆ ದಂಡೆಗೆ ಬಂದಾಗ, ನೀರಿಗೆ ಬಂದ ಹತ್ತು ಮಂದಿಯೆದುರು ತಿರಕಪ್ಪ ಕೂಗಿದ: "ಮಾವಾ, ನನ್ನ ನಳಗಿ ಕಟ್ಟಿಸಿದಾಂವ ನೀನಽ!"

ಮೂಕಪ್ಪ ಹೆಸರಿಗೆ ತಕ್ಕ ಹಾಗೆ ತುಟಿ ಪಿಟಕ್ಕೆನ್ನಲಿಲ್ಲ. ಮಾತಾಡಿದವಳು ಕರಿಯವ್ವ. "ಏನಂದಿಯೋ? ಇನ್ನೊಮ್ಮೆ ಅನ್ನು."

"ಖರೆ ಅಂದೀನಿ ಯಕ್ಕಾ. ನಿನ್ನ ಗಂಡ ಕಟ್ಟಿಸ್ಯಾನ. ಇಲ್ಲಂದ್ರ ನಮ್ಮಪ್ಪನ ಬಂದೂಕು ಹಿಂಗ ಮಾಡ್ತಿತ್ತೇನು?"

ಕರಿಯವ್ವ ದಂಡೆಗೆ ಕಾಲಿಡದೆ ಹರಗೋಲಿನಲ್ಲೇ ತಿರುಗಿ ಕುಳಿತಳು. ಕೈಯಲ್ಲಿದ್ದ ಮಜ್ಜಿಗೆ ಗಡಿಗೆಯನ್ನು ಹೊಳೆಗೆ ಸುರಿದುಬಿಟ್ಟಳು. ಆಮೇಲೆ ಆಕೆ ಈಚೆ ಬರಲಿಲ್ಲ. ದೀಪಾವಳಿ ಹತ್ತಿರ ಬಂತು. ಹಬ್ಬಕ್ಕೆ ಬಂದು ತಮ್ಮನಿಗೆ ಆರತಿ ಬೆಳಗುವುದನ್ನು ಆಕೆ ಮದುವೆಯಾದಂದಿನಿಂದ ತಪ್ಪಿಸಿದವಳಲ್ಲ. ಈ ಸಲ ಆಚೆ ದಂಡೆಯಿಂದ ಧೈರ್ಯ ಮಾಡಿ ಬಂದವರೊಬ್ಬರ ಕೈಯಲ್ಲಿ ಹೇಳಿ ಕಳಿಸಿದಳು: "ಆರತಿ ಹಿಡಿಯೋ ಕೈ ನನ್ನ ಗಂಡನ ಕೈಯಾಗ ಐತಿ. ಅವನ್ನ ಮಾಟಗಾರ ಅಂದಾವ್ರ ಮನಿಗೆ ಅದು ಬರಂಗಿಲ್ಲ."

ಆ ಮಾತು ತಿರಕಪ್ಪನಿಗೆ ನಾಟಿತು. ಅಕ್ಕ ಬೇಕು. ಆದರೆ ಆಡಿದ ಮಾತು ನುಂಗಲು ಬಾಯಿ ಬಾರದು. ಮೊಸಳೆಯನ್ನು ಕೆಡವಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಮತ್ತೆ ಕಳ್ಳಿಯ ಹತ್ತಿರ ಓಡಿದ.

ಅವನ ಹೆಂಡತಿ ಮಂಜವ್ವ ಬೆಟಗೇರಿಯ ಕಡೆಯವಳು. ಚಿಕ್ಕಂದಿನಲ್ಲಿ ಮಗ್ಗದವರ ಓಣಿಯಲ್ಲಿ ನೂಲಿಗೆ ಗಂಜಿ ಹಾಕುವುದನ್ನು ನೋಡಿ ಬೆಳೆದಿದ್ದಳು. ಕಳ್ಳಿಯ ಸಾಲಿನಲ್ಲಿ ಕುಳ್ಳು ಆರಿಸುವಾಗ, ಗುಂಡಿನ ಜೊತೆ ಹಾರಿ ನೆಲಕ್ಕೆ ಬಿದ್ದ ಬಟ್ಟೆಯ ತುಣುಕುಗಳು ಆಕೆಗೆ ಸಿಕ್ಕವು. ಹೊಟ್ಟೆ ಹರಿದು, ಅಂಚು ಚಿಂದಿಯಾಗಿ, ಸುಟ್ಟು ಕರಕಲಾಗಿದ್ದವು. ಉಡಿಯಲ್ಲಿ ಕಟ್ಟಿಕೊಂಡು ತಂದು ಗಂಡನ ಮುಂದೆ ಸುರಿದಳು.

"ಇಲ್ಲಿ ನೋಡ್ರಿ. ಅರಿವಿ ನಳಗಿ ಒಳಗಽ ಹರದೈತಿ. ಗುಂಡು ಬರಿಮೈಲೆ ಹೊಂಟೈತಿ. ಗಂಜಿ ಅರಿವಿ ಎಣ್ಣಿ ಕುಡಿಯಂಗಿಲ್ಲ, ಬಾಗಂಗಿಲ್ಲ, ಒತ್ತಿದ್ರ ಸೀಳತೈತಿ. ಉಟ್ಟು ಒಗದು ಮೆತ್ತಗಾದ ಅರಿವಿ ಹಾಕ್ರಿ."

"ಉಟ್ಟಿದ್ದು? ದೇವಿ ಬಾಯಾಗ? ಹುಚ್ಚು ಹಿಡದೈತೇನು ನಿನಗ!"

"ದೇವಿ ಏನರ ಅಂದಳೇನು ನಿಮಗ, ಹೊಸಾದಽ ಬೇಕಂತ? ನಿಮ್ಮ ಅಪ್ಪಾರು ತೊಗಲು ಹಾಕ್ತಿದ್ರು. ಅದೇನು ಯಾರೂ ತೊಡದದ್ದೇನು? ಚಿಗರಿ ಹುಟ್ಟಿದಾಗಿಂದ ತೊಟ್ಟಿದ್ದಲ್ಲ?"

ಮಾತಿನಲ್ಲಿ ಸೋತಾಗ ಅವನಿಗೆ ಸಿಟ್ಟು ಬರುವುದು ವಾಡಿಕೆ, ಬಂತು. ತುಣುಕುಗಳನ್ನು ಒದ್ದು ಹೊರಗೆ ಹೋದ. ಹೋದವನಿಗೆ ನೆಮ್ಮದಿ ಇತ್ತೇ? ಬಟ್ಟೆಯೇ ತಪ್ಪಾದರೆ ಮೂಕಪ್ಪ ಮಾವನ ತಪ್ಪಿಲ್ಲ. ಮಾವನ ತಪ್ಪಿಲ್ಲದಿದ್ದರೆ ಹತ್ತು ಮಂದಿಯೆದುರು ತಾನು ಆಡಿದ್ದು ಏನು? ಆ ವಿಚಾರ ಬಂದಾಗಲೆಲ್ಲ ಕಾಲುಗಳು ಇನ್ನಷ್ಟು ಜೋರಾಗಿ ನಡೆಯುತ್ತಿದ್ದವು. ಲಕ್ಕುಂಡಿಯ ಕಡೆ ಕೆಲಸವಿದೆ ಎಂದು ಸುಳ್ಳು ಹೇಳಿ ಅಲ್ಲಿಗೂ ಹೋಗಿ ಬಂದ. ಅಲ್ಲಿ ಏನು ಮಾಡಿದೆಯೆಂದರೆ ಅವನಿಗೇ ಗೊತ್ತಿರಲಿಲ್ಲ.

ನವೆಂಬರ್ ಒಂದನೇ ತಾರೀಖು ದೀಪಾವಳಿಯ ನೀರು ತುಂಬುವ ಹಬ್ಬದ ಹೊತ್ತಿಗೇ ಬಂತು. ಅಂದು ಮುಂಬೈ ಸರ್ಕಾರದ ಈಚೆ ದಂಡೆ, ಮೈಸೂರಿನ ಆಚೆ ದಂಡೆ ಎರಡೂ ಒಂದೇ ನಾಡಾಗುವ ದಿನ. ಎರಡೂ ಕಡೆಯ ಜನ ತೋರಣ ಕಟ್ಟಿ, ಹಲಗೆ ಬಾರಿಸುತ್ತ ಹೊಳೆಗೆ ಬಂದರು. ಆಚೆಯವರು ಈಚೆ ಬಂದು, ಈಚೆಯವರು ಆಚೆ ಹೋಗಿ ಸಕ್ಕರೆ ಹಂಚಬೇಕೆಂದು ಮಾತಾಗಿತ್ತು. ಯಾರು ದಾಟಬೇಕು? ನಡುವೆ ಬಂಡೆಯ ಮೇಲೆ ಯಜಮಾನ ಮಲಗಿದ್ದಾನಲ್ಲ! ಹಲಗೆಯ ಸದ್ದು ಮೆಲ್ಲಗೆ ಕಡಿಮೆಯಾಗಿ ನಿಂತುಹೋಯಿತು. ತಿರಕಪ್ಪ ಬಂದೂಕು ಹಿಡಿದು ದಂಡೆಯಲ್ಲಿ ಶತಪಥ ಹಾಕುತ್ತಿದ್ದ.

ಆಗ ಆಚೆ ದಂಡೆಯಿಂದ ಒಂದು ಹರಗೋಲು ಹೊರಟಿತು. ಹುಟ್ಟು ಹಾಕುತ್ತಿದ್ದವನು ಮೂಕಪ್ಪ, ಎದುರಿಗೆ ಕುಳಿತವಳು ಕರಿಯವ್ವ. ಮೊಸಳೆಗೆ ಹರಗೋಲು ಹೊಸದಲ್ಲ, ಅಲುಗಲಿಲ್ಲ. ಮೂಕಪ್ಪ ಬಂಡೆಯ ಮಗ್ಗುಲಿಗೇ, ಅದರ ತಲೆಯಿಂದ ಎರಡು ಮಾರಿನಷ್ಟರಲ್ಲಿ ಗಳ ಊರಿ ನಿಂತ. ದಂಡೆಯಿಂದ ನೋಡಿದರೆ ಮೊಸಳೆಯ ಕಣ್ಣು, ಅದರ ಪಕ್ಕದಲ್ಲೇ ಕರಿಯವ್ವನ ಕೆಂಪು ಸೀರೆ.

ಎಂದೂ ದನಿ ಎತ್ತದ ಮನುಷ್ಯ ಕೂಗಿದ: "ತಿರಕ್ಯಾ! ನಾ ಕಟ್ಟಿಸಿದ್ದು ಖರೆ ಆದ್ರ ನಿನ್ನ ಗುಂಡು ನನಗಽ ಬಡೀಲಿ!"

"ನನಗೂ ಬಡೀಲಿ!" ಎಂದಳು ಕರಿಯವ್ವ.

ಮಂಜವ್ವ ಜನರನ್ನು ಸೀಳಿಕೊಂಡು ಓಡಿ ಬಂದು, "ಬ್ಯಾಡ್ರಿ, ಕೈ ಮುಗೀತೀನಿ, ಕೆಳಗಿಡ್ರಿ ಅದನ್ನ" ಎಂದಳು. ಅವನ ಕಣ್ಣು ಮೊಸಳೆಯ ಮೇಲೇ ನಟ್ಟಿತ್ತು. ಎಂದೂ ಇಷ್ಟು ಸ್ಥಿರವಾಗಿ ಮಲಗಿರಲಿಲ್ಲ ಅದು. ಇವತ್ತು ಕೆಡವಿದರೆ ಊರು ನಗುವುದಿಲ್ಲ, ಅಕ್ಕ ಬರುತ್ತಾಳೆ, ಆಡಿದ ಮಾತು ತಾನೇ ಮುಚ್ಚಿಹೋಗುತ್ತದೆ. ಮದ್ದಿನ ಬುರುಡೆ ಬಿಚ್ಚಿದ.

ಹೊಡೆದೇ ತೀರುತ್ತಾನೆ ಎಂದು ಮಂಜವ್ವನಿಗೆ ಖಾತ್ರಿಯಾಯಿತು. ತಾನುಟ್ಟ ಸೀರೆಯ ಸೆರಗನ್ನು ಹಲ್ಲಿನಿಂದ ಕಚ್ಚಿ ಪರಪರ ಹರಿದಳು. "ಹೊಡಿಯಂಗಿದ್ರ ಇದನ್ನರ ಹಾಕ್ರಿ. ಅಕ್ಕಾರು ಅದಾರ ಅಲ್ಲಿ! ಅಕ್ಕಾರು ಅದಾರ!"

ದೇವಿಯ ಬಾಯಿ, ಹೆಂಗಸಿನ ಸೆರಗು, ನೋಡುತ್ತಿರುವ ಊರು. ತಿರಕಪ್ಪ ಒಂದು ಕ್ಷಣ ಹಲ್ಲು ಕಚ್ಚಿ ನಿಂತ. ಆಮೇಲೆ ಕಸಿದುಕೊಂಡ. ಹುಟ್ಟಿದಂದಿನಿಂದ ಮಾಡದ್ದನ್ನು ಅಂದು ಮಾಡಿದ, ನಿಧಾನ ಮಾಡಿದ. ನಳಗಿಯನ್ನು ಗಜದಿಂದ ಒರೆಸಿ, ಮತ್ತೆ ಒರೆಸಿ, ಮಸಿ ತೆಗೆದ. ಮದ್ದನ್ನು ಅಳತೆಯ ಚಿಪ್ಪಿಗೆ ಸಮಮಾಡಿ ಸುರಿದ. ಸೆರಗಿನ ತುಂಡಿಗೆ ಚೀಲದಲ್ಲಿದ್ದ ಎಣ್ಣೆ ಹಚ್ಚಿದ, ಅದು ಹೀರಿಕೊಂಡು ಬೆರಳಿಗೆ ಅಂಟಿತು. ಗುಂಡು ಸುತ್ತಿ ಗಜ ಒತ್ತಿದಾಗ ಒಂದೇ ಬಿಗಿಯಲ್ಲಿ, ಎಲ್ಲೂ ತಡೆಯದೆ, ಎಲ್ಲೂ ಸೀಳದೆ ತಳ ಮುಟ್ಟಿತು. ಅಪ್ಪ ತುಂಬುವಾಗ ಕೇಳುತ್ತಿದ್ದ ಸಣ್ಣ ಸುಯ್ಯೆನ್ನುವ ಸದ್ದು ಕೇಳಿತು. ಟೋಪಿ ಇಟ್ಟ, ಕವೆಗೋಲಿಗೆ ಆನಿಸಿದ, ಉಸಿರು ಹಿಡಿದ. ಕೆಂಪು ಸೀರೆ ಕಣ್ಣಿನ ಅಂಚಿನಲ್ಲಿತ್ತು. ಕುದುರೆ ಬಿಟ್ಟ.

ಹೊಗೆ ತಿಳಿಯಾದಾಗ ಮೊಸಳೆ ಬಾಲವನ್ನು ಒಮ್ಮೆ ಬಂಡೆಗೆ ಬಡಿದು ಮಗುಚಿಕೊಂಡಿತು. ಕಣ್ಣಿನ ಹಿಂದೆ, ಇಟ್ಟಲ್ಲೇ ಬಿದ್ದಿತ್ತು ಗುಂಡು. ಎರಡೂ ದಂಡೆ ಹೋ ಎಂದವು. ಹಲಗೆ ಮತ್ತೆ ಶುರುವಾಯಿತು. ಅಂದಪ್ಪನಂತೂ ತಾನೇ ಹೊಡೆದವನ ಹಾಗೆ ಕುಣಿದ. ತಿರಕಪ್ಪ ಬಂದೂಕನ್ನು ಮೇಲೆತ್ತಿ ನೀರಿಗೇ ಓಡಿದ. "ಯಕ್ಕಾ! ಕಟ್ಟಿಸಿರಲಿಲ್ಲ ಯಕ್ಕಾ! ಅರಿವಿ ತಪ್ಪಿತ್ತು! ಮಾವಂದೇನೂ ಇಲ್ಲ!"

ಹರಗೋಲು ತೇಲುತ್ತ ದಂಡೆಯ ಹತ್ತಿರ ಬಂತು. ಮೂಕಪ್ಪ ಹುಟ್ಟು ನಿಲ್ಲಿಸಿ ಹೆಂಡತಿಗೆ, "ಆತಲ್ಲ. ಇಳಿ" ಎಂದ.

ಕರಿಯವ್ವ ಇಳಿಯಲಿಲ್ಲ. ಆಕೆಯ ಕೈ ಹರಗೋಲಿನ ಅಂಚನ್ನು ಹಿಡಿದದ್ದು ಇನ್ನೂ ಬಿಟ್ಟಿರಲಿಲ್ಲ. ತಮ್ಮನನ್ನು ಮೇಲಿನಿಂದ ಕೆಳಗಿನವರೆಗೆ, ಯಾರದೋ ಮಗನನ್ನು ನೋಡುವಂತೆ ನೋಡಿದಳು.

"ಅರಿವಿ ತಪ್ಪಿತ್ತಂತ ಯಾವಾಗ ತಿಳೀತು ನಿನಗ? ಗುಂಡು ಬಿದ್ದ ಮ್ಯಾಲೆ. ಬೀಳೂದಕಿಂತ ಮೊದಲು ಅದು ನಮಗ ಬಡಿಯಂಗಿಲ್ಲಂತ ಗೊತ್ತಿತ್ತೇನು?"

ತಿರಕಪ್ಪ ಮೇಲೆತ್ತಿದ್ದ ಬಂದೂಕನ್ನು ಕೆಳಗಿಳಿಸಿದ.

"ನಾವು ಅಲ್ಲಿ ಹೋಗಿ ನಿಂತಿದ್ದು ನೀ ಹೊಡೀಲಿ ಅಂತಲ್ಲೋ. ನನ್ನ ನೋಡಿ ಬಂದೂಕು ಕೆಳಗ ಇಡ್ತಿ ಅಂತ. 'ಬಾ ಮಾವಾ, ನೀ ಅಂಥಾಂವಲ್ಲ' ಅಂತಿ ಅಂತ. ಇಡತಾನ, ನಾ ಸಾಕಿದ ಹುಡುಗ ಇಟ್ಟಽ ಇಡತಾನ ಅಂತ ಇವರಿಗೆ ಹೇಳಿ ಕರಕೊಂಡು ಬಂದಿದ್ದೆ." ಅವನ ಕೈಯ ಬಂದೂಕಿನ ಕಡೆ ನೋಡಿದಳು. "ನೀ ಮದ್ದು ತುಂಬೂದನ್ನ ಕಣ್ಣಾರೆ ನೋಡಿದೆನೋ ತಿರಕ್ಯಾ. ಎಷ್ಟು ನಿಧಾನ ತುಂಬಿದಿ!"

ಗಂಡನ ಕಡೆ ತಿರುಗಿ, "ನಡಿರಿ" ಎಂದಳು.

ಮೂಕಪ್ಪ ಒಂದು ಗಳಿಗೆ ತಿರಕಪ್ಪನನ್ನು ನೋಡಿದ. ಆಮೇಲೆ ಹುಟ್ಟು ಹಾಕಿದ. ಹರಗೋಲು ಒಂದು ಸುತ್ತು ತಿರುಗಿ ಆಚೆಗೆ ಹೊರಟಿತು. ಅಂಜಿಕೆ ಹೋದದ್ದೇ ತಡ, ಎರಡೂ ದಂಡೆಯ ಜನ ಸಕ್ಕರೆ ಬುಟ್ಟಿ ಹೊತ್ತು ನೀರಿಗೆ ಇಳಿಯುತ್ತಿದ್ದರು. ಹರಗೋಲುಗಳು ಒಂದಕ್ಕೊಂದು ತಾಗುತ್ತ ಹೋಗಿ ಬರುತ್ತಿದ್ದವು. ತಿರಕಪ್ಪ ಮೊಳಕಾಲುದ್ದ ನೀರಿನಲ್ಲಿ, ಎಂದೂ ನಿಲ್ಲದವನು ಅಲುಗದೆ ನಿಂತಿದ್ದ. "ಅಡ್ಡ ನಿಂದರಬ್ಯಾಡೋ, ದಾರಿ ಬಿಡು" ಎಂದು ಯಾರೋ ಬೈದರು. ಅದು ಅವನಿಗೆ ಕೇಳಿಸಲಿಲ್ಲ.